ಕಾಫಿ ಬೀಜ ಆರಿಸುವ ಅಕ್ಕನ ಚಾಳೀಸು: ಹಾಸನದ ಒಂದು ಪ್ರಕರಣ

ಈ ಪ್ರಕರಣ ಹಾಸನದ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಬೀಜ ಆರಿಸುವ 47 ವರ್ಷದ ಹೆಂಗಸೊಬ್ಬರದು. ಗುರುತು ಸಿಗಬಾರದೆಂದು ಮನೆಯ ವಿವರಗಳನ್ನು ಸ್ವಲ್ಪ ಬದಲಿಸಿದ್ದೇನೆ. ಹೆಸರಿನ ಬದಲು ಅಕ್ಕ ಎಂದೇ ಬರೆಯುತ್ತೇನೆ, ಕ್ಲಿನಿಕ್‌ನಲ್ಲೂ ಹಾಗೇ ಕರೆಯುವುದು. ನಾನು ಡಾಕ್ಟರಲ್ಲ. ಕಣ್ಣಿನ ಡಾಕ್ಟರ ಜೊತೆ ದೃಷ್ಟಿ ಪರೀಕ್ಷೆ ಮಾಡುವ ಆಪ್ಟೊಮೆಟ್ರಿಸ್ಟ್.

ಕನ್ನಡಕ ಬೇಡ, ಸೊಪ್ಪು, ವ್ಯಾಯಾಮದಲ್ಲೇ ಸರಿ ಮಾಡ್ಕೋತೀನಿ ಎನ್ನುವವರು ನಮ್ಮಲ್ಲಿಗೆ ಬಹಳ ಜನ ಬರುತ್ತಾರೆ. ಬಹುಪಾಲು ನಲವತ್ತು ದಾಟಿದವರು. ಅಷ್ಟು ಜನರಲ್ಲಿ ಈ ಅಕ್ಕನ ಪ್ರಕರಣವನ್ನೇ ಬರೆಯಲು ಕಾರಣವಿದೆ. ಸೊಪ್ಪು ತಿಂದು ಆರು ವಾರಕ್ಕೆ ಇವರ ಹತ್ತಿರದ ದೃಷ್ಟಿ ಸುಧಾರಿಸಿತು. ನಮ್ಮ ಅಳತೆಯಲ್ಲೂ ಅದು ಕಂಡಿತು. ನಮಗೆ ಗಾಬರಿಯಾದದ್ದು ಆಗಲೇ.

ಕೆಲಸ ಮತ್ತು ತೊಂದರೆ

ತೋಟದಿಂದ ಬಂದ ಕಾಫಿಯ ಸಿಪ್ಪೆ ತೆಗೆಯುವುದು, ಜರಡಿ ಹಿಡಿದು ಗಾತ್ರದ ಮೇಲೆ ಬೇರೆ ಮಾಡುವುದು, ಎಲ್ಲ ಮಷೀನಿನ ಕೆಲಸ. ಬಣ್ಣ ನೋಡಿ ಬೀಜ ಬೇರೆ ಮಾಡುವ ಮಷೀನೂ ಈಗ ಬಂದಿದೆ. ಆದರೂ ಒಳ್ಳೆ ದರ್ಜೆಯ ಮಾಲನ್ನು ಕೊನೆಗೊಮ್ಮೆ ಕೈಯಲ್ಲಿ ಆರಿಸುತ್ತಾರೆ. ಕರಿ ಬೀಜ, ಒಡಕು, ಹುಳ ಕೊರೆದದ್ದು ತೆಗೆದು ಪಕ್ಕಕ್ಕೆ ಹಾಕಬೇಕು. ಮೇಸ್ತ್ರಿ ಆಗಾಗ ಒಂದು ಹಿಡಿ ತೆಗೆದು ನೋಡುತ್ತಾರೆ. ಅದರಲ್ಲಿ ಕರಿ ಬೀಜ ಸಿಕ್ಕರೆ ಮಾತು ಕೇಳಬೇಕು.

ಅಕ್ಕ ಇಪ್ಪತ್ತು ವರ್ಷದಿಂದ ಇದೇ ಕೆಲಸದಲ್ಲಿದ್ದಾರೆ. ಅವರ ಕೈ ಚುರುಕು ಎಂದು ಹೆಸರು. ಹಿಂದಿನ ಸೀಸನ್ನಿನಿಂದ ಕರಿ ಬೀಜ ತಪ್ಪಿಸಿಕೊಂಡು ಹೋಗಲು ಶುರುವಾಯಿತು. ಮಧ್ಯಾಹ್ನದ ಊಟ ಆದಮೇಲೆ ಹಣೆ ನೋವು. ಸಂಜೆ ಮನೆಯಲ್ಲಿ ಬ್ಲೌಸಿಗೆ ಹುಕ್ಕು ಹಾಕಿಕೊಟ್ಟು ನಾಲ್ಕು ಕಾಸು ಸಂಪಾದಿಸುತ್ತಿದ್ದರು, ಈಗ ಸೂಜಿಗೆ ದಾರ ಪೋಣಿಸಲು ಮಗಳೇ ಬೇಕು. ಮೊಬೈಲನ್ನು ದೂರ ಹಿಡಿದೂ ಹಿಡಿದೂ ಕೈಯೇ ಸಾಲುತ್ತಿರಲಿಲ್ಲ. ಈ ಬೀಜದ ಕೆಲಸ ಬಿಡಿಸಿ ಗೋಡೌನ್ ಗುಡಿಸೋಕೆ ಹಾಕ್ತಾರೆ ಎನ್ನುವ ಭಯ ಬೇರೆ.

ಇದು ಚಾಳೀಸು ಎಂದು ಯಾರಾದರೂ ಹೇಳಬಹುದು. ಕಣ್ಣೊಳಗಿನ ಮಸೂರ ಚಿಕ್ಕಂದಿನಲ್ಲಿ ಮೆತ್ತಗಿರುತ್ತದೆ. ಹತ್ತಿರದ್ದನ್ನು ನೋಡುವಾಗ ಅದು ಉಬ್ಬುತ್ತದೆ, ದೂರ ನೋಡುವಾಗ ಚಪ್ಪಟೆಯಾಗುತ್ತದೆ. ಹತ್ತು ವರ್ಷದ ಹುಡುಗ ಪುಸ್ತಕವನ್ನು ಮೂಗಿನ ಹತ್ತಿರ ತಂದರೂ ಓದುತ್ತಾನೆ. ವರ್ಷ ಕಳೆದಂತೆ ಆ ಮಸೂರ ಹಳೆ ರಬ್ಬರಿನ ಹಾಗೆ ಬಿಗಿಯಾಗುತ್ತಾ ಹೋಗಿ, ಅರವತ್ತರ ಹೊತ್ತಿಗೆ ಹೆಚ್ಚುಕಡಿಮೆ ಉಬ್ಬುವುದನ್ನೇ ನಿಲ್ಲಿಸುತ್ತದೆ. ಇದು ಎಲ್ಲರಿಗೂ ಆಗುವಂಥದ್ದು. ಕನ್ನಡಕ ಹಾಕಿದರೂ ಆಗುತ್ತದೆ, ಹಾಕದಿದ್ದರೂ ಆಗುತ್ತದೆ.

ಜಾತ್ರೆಯ ಕನ್ನಡಕ, ಮಾವನ ಕಣ್ಣು

ನಮ್ಮ ಹತ್ತಿರ ಬರುವ ಹೊತ್ತಿಗೆ ಅಕ್ಕ ಸುಮಾರೆಲ್ಲ ಮಾಡಿ ಮುಗಿಸಿದ್ದರು. ವಾರದಲ್ಲಿ ನಾಲ್ಕೈದು ದಿನ ಹೊನಗೊನ್ನೆ ಸೊಪ್ಪಿನ ಪಲ್ಯ. ಬೆಳಿಗ್ಗೆ ಒಂದು ಲೋಟ ಕ್ಯಾರೆಟ್ ಜ್ಯೂಸ್, ಎರಡು ಚಮಚ ಸಕ್ಕರೆ ಹಾಕಿ. ರಾತ್ರಿ ಮಲಗುವಾಗ ರೆಪ್ಪೆಯ ಮೇಲೆ ನಂದಿಬಟ್ಟಲು ಹೂವು. ಮೊಬೈಲಿನ ವಿಡಿಯೋ ನೋಡಿ ಕಣ್ಣು ತಿರುಗಿಸುವ ವ್ಯಾಯಾಮ, ಅಂಗೈ ಉಜ್ಜಿ ಕಣ್ಣ ಮೇಲೆ ಇಟ್ಟುಕೊಳ್ಳುವುದು, ದೀಪ ನೋಡುತ್ತಾ ತ್ರಾಟಕ. ಉರಿ ಜಾಸ್ತಿಯಾದಾಗ ಒಂದೊಂದು ಹನಿ ಜೇನುತುಪ್ಪ.

ಕನ್ನಡಕವನ್ನೂ ಹಾಕಿ ನೋಡಿದ್ದರಂತೆ. ಜಾತ್ರೆಯಲ್ಲಿ ತಳ್ಳುಗಾಡಿಯವನು ಪೇಪರ್ ತೋರಿಸಿ, ಅಕ್ಷರ ದಪ್ಪಗೆ ಕಾಣುತ್ತಾ ಎಂದು ಕೇಳಿ ಕೊಟ್ಟದ್ದು. ಅದನ್ನು ಹಾಕಿಕೊಂಡು ಬೀಜ ಆರಿಸಿದರೆ ತಲೆ ಸುತ್ತು, ಕುತ್ತಿಗೆ ನೋವು. ಮೂರೇ ದಿನಕ್ಕೆ ಅದು ಟ್ರಂಕು ಸೇರಿತು. ‘ಕನ್ನಡಕ ಹಾಕಿದ್ರೆ ಇರೋ ಕಣ್ಣೂ ಹೋಗುತ್ತೆ ಮೇಡಂ’ ಎಂದು ತೀರ್ಮಾನ ಮಾಡಿಬಿಟ್ಟಿದ್ದರು.

ಅದಕ್ಕಿಂತ ದೊಡ್ಡ ಸಾಕ್ಷಿ ಮನೆಯಲ್ಲೇ ಇತ್ತು. ಅವರ ಮಾವನಿಗೆ 74. ಇಪ್ಪತ್ತೈದು ವರ್ಷದಿಂದ ಚಾಳೀಸು ಕನ್ನಡಕ ಇಲ್ಲದೆ ಪಂಚಾಂಗ ಓದಲಾಗದವರು. ಹೋದ ವರ್ಷದಿಂದ ಕನ್ನಡಕ ತೆಗೆದಿಟ್ಟು ಪೇಪರ್ ಓದುತ್ತಿದ್ದರು. ‘ನಮ್ಮ ಮಾವನಿಗೆ ಹೊನಗೊನ್ನೆ ಸೊಪ್ಪು ಕಣ್ಣು ಕೊಡ್ತು, ನನಗೆ ಕೊಡಲ್ವಾ?’ ಎಂದು ಕೇಳಿದರು. ಕೇಳುವ ರೀತಿಯೂ ಸರಿಯಾಗೇ ಇತ್ತು. ಕಣ್ಣಾರೆ ಕಂಡದ್ದನ್ನು ಬಿಟ್ಟು ನಮ್ಮ ಮಾತು ಯಾಕೆ ನಂಬಬೇಕು?

ಮೊದಲ ಪರೀಕ್ಷೆ

ದೂರದ ಬೋರ್ಡು ಎರಡೂ ಕಣ್ಣಿಗೆ 6/6, ಅಂದರೆ ಸರಿಯಾಗಿದೆ; ಕೆಳಗಿನ ಅಂಕಿ ದೊಡ್ಡದಾದಷ್ಟೂ ದೂರದ ದೃಷ್ಟಿ ಕಡಿಮೆ. ಕನ್ನಡ ಓದುವ ಕಾರ್ಡನ್ನು 33 ಸೆಂಟಿಮೀಟರಿನಲ್ಲಿ ಹಿಡಿದರೆ ಎನ್-12 ಅಕ್ಷರಕ್ಕೆ ನಿಂತುಬಿಟ್ಟರು. ಈ ಅಂಕಿ ಚಿಕ್ಕದಾದಷ್ಟೂ ಅಕ್ಷರ ಸಣ್ಣದು. ಪೇಪರಿನ ಸಣ್ಣ ಅಕ್ಷರಕ್ಕೆ ಎನ್-8, ಔಷಧಿ ಡಬ್ಬಿಯ ಮೇಲಿನದ್ದಕ್ಕೆ ಎನ್-6 ಬೇಕು. ಕಾರ್ಡನ್ನು ನಿಧಾನವಾಗಿ ಹತ್ತಿರ ತಂದಾಗ 40 ಸೆಂಟಿಮೀಟರಿನಲ್ಲಿ ಅಕ್ಷರ ಮಸುಕಾಯಿತು. ಆ ವಯಸ್ಸಿಗೆ ಇದು ತೀರಾ ಸಾಮಾನ್ಯ. ರಟ್ಟಿನಲ್ಲಿ ಸೂಜಿ ತೂತು ಮಾಡಿ ಅದರ ಮೂಲಕ ನೋಡಿಸಿದೆ, ಎನ್-6 ಓದಿದರು. ಅಂದರೆ ತೊಂದರೆ ಬೆಳಕು ಕೂಡಿಸುವ ಭಾಗದಲ್ಲಿದೆ, ನರದಲ್ಲಿ ಅಲ್ಲ.

ಇನ್ನೊಂದೂ ಸಿಕ್ಕಿತು. ಕಣ್ಣಿನ ನೀರಿನ ಪೊರೆ ಬೇಗ ಒಡೆಯುತ್ತಿತ್ತು, ರೆಪ್ಪೆಯ ಅಂಚು ಕೆಂಪಗಿತ್ತು. ಕಾಫಿ ಸಿಪ್ಪೆಯ ಧೂಳು, ಮನೆಯಲ್ಲಿ ಸೌದೆ ಒಲೆಯ ಹೊಗೆ, ಕೆಲಸದಲ್ಲಿ ರೆಪ್ಪೆ ಮಿಟುಕಿಸದೆ ನೋಡುವುದು, ಇವೆಲ್ಲ ಸೇರಿ ಆಗಿರುವ ಒಣಗಣ್ಣು ಅದು. ದೀಪವನ್ನು ಎವೆಯಿಕ್ಕದೆ ನೋಡುವ ತ್ರಾಟಕ ಇದಕ್ಕೆ ಇನ್ನಷ್ಟು ತೊಂದರೆ. ಡಾಕ್ಟರು ಕಣ್ಣಿನ ಒತ್ತಡ, ರೆಟಿನಾ ನೋಡಿದರು, ಎರಡೂ ಸರಿಯಿದ್ದವು. ವಯಸ್ಸು ನೋಡಿ ಸಕ್ಕರೆ ಪರೀಕ್ಷೆಗೂ ಚೀಟಿ ಬರೆದುಕೊಟ್ಟರು. ‘ಹೋದ ವರ್ಷ ಆಶಾ ಕಾರ್ಯಕರ್ತೆ ಬೆರಳು ಚುಚ್ಚಿ ನೋಡಿದ್ರು, ಏನೂ ಇಲ್ಲ’ ಎಂದು ಅಕ್ಕ ಆ ಚೀಟಿಯನ್ನು ಬ್ಯಾಗಿಗೆ ಹಾಕಿಕೊಂಡರು. ಅದು ಬ್ಯಾಗಿನಲ್ಲೇ ಉಳಿಯಿತು.

ಕನ್ನಡಕದ ಮಾತು ಎತ್ತಿದ ಕೂಡಲೇ ಅವರು ಎದ್ದು ನಿಂತರು. ಇಲ್ಲಿ ಒಂದು ತೀರ್ಮಾನ ಮಾಡಬೇಕಾಯಿತು. ಬಲವಂತ ಮಾಡಿದರೆ ಮತ್ತೆ ಬರುವುದಿಲ್ಲ. ಅಪಾಯವಿಲ್ಲದ್ದನ್ನು ಅವರ ಪಾಡಿಗೆ ಬಿಟ್ಟು, ಅಳೆಯುವುದನ್ನು ಮಾತ್ರ ನಮ್ಮ ಕೈಯಲ್ಲಿ ಇಟ್ಟುಕೊಳ್ಳೋಣ ಎಂದು ಡಾಕ್ಟರು ಹೇಳಿದರು. ಸೊಪ್ಪು ತಿನ್ನಿ, ವ್ಯಾಯಾಮ ಮಾಡಿ, ಹೂವು ಮುಚ್ಚಿದ ರೆಪ್ಪೆಯ ಮೇಲೆ ಇಟ್ಟುಕೊಳ್ಳಿ, ರಸ ಮಾತ್ರ ಒಳಗೆ ಹಿಂಡಬೇಡಿ. ಜೇನುತುಪ್ಪದ ಹನಿ ಇವತ್ತೇ ನಿಲ್ಲಿಸಿ. ಜೇನು ತಿನ್ನಲು ಶುದ್ಧ ಇರಬಹುದು, ಕಣ್ಣಿಗೆ ಬಿಡುವಷ್ಟು ಶುದ್ಧವಲ್ಲ. ಅದರಿಂದ ಕರಿಗುಡ್ಡೆಗೆ ಸೋಂಕು ತಗಲಿದರೆ ಕಲೆ ಉಳಿದುಬಿಡುತ್ತದೆ. ಅದರ ಬದಲು ಕಣ್ಣೀರಿನಂಥ ಹನಿ, ದಿನಕ್ಕೆರಡು ಸಲ ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯ ಶಾಖ. ಆರು ವಾರಕ್ಕೆ ಬನ್ನಿ, ದೂರ ಮತ್ತು ಹತ್ತಿರ ಎರಡನ್ನೂ ಅಳೆಯೋಣ. ಇದಕ್ಕೆ ಒಪ್ಪಿದರು.

ಒಂದು ಸಣ್ಣ ಸಲಹೆ ಆಗಲೇ ಫಲ ಕೊಟ್ಟಿತು. ಅಕ್ಕ ಕೂರುತ್ತಿದ್ದ ಜಾಗದಲ್ಲಿ ಟ್ಯೂಬ್‌ಲೈಟು ಬೆನ್ನ ಹಿಂದೆ ಇತ್ತು, ತಟ್ಟೆಯ ಮೇಲೆ ಅವರದ್ದೇ ನೆರಳು ಬೀಳುತ್ತಿತ್ತು. ಮೇಸ್ತ್ರಿಯನ್ನು ಕೇಳಿ ಕಿಟಕಿ ಪಕ್ಕಕ್ಕೆ ಜಾಗ ಬದಲಿಸಿಕೊಳ್ಳಲು ಹೇಳಿದೆವು. ಬೆಳಕು ಜಾಸ್ತಿಯಾದರೆ ಕಣ್ಣಿನ ಪಾಪೆ ಕಿರಿದಾಗುತ್ತದೆ, ರಟ್ಟಿನ ಸೂಜಿ ತೂತು ಮಾಡಿದ ಕೆಲಸವನ್ನೇ ಅದೂ ಮಾಡುತ್ತದೆ. ಅದೇ ಕಾರಣಕ್ಕೆ ಚಾಳೀಸು ಬಂದವರಿಗೆ ಬಿಸಿಲಲ್ಲಿ ಪೇಪರ್ ಓದಲು ಬರುತ್ತದೆ, ಸಂಜೆ ದೀಪದಲ್ಲಿ ಬರುವುದಿಲ್ಲ.

ಮಗಳು ಒಂದು ಪ್ರಶ್ನೆ ಕೇಳಿದಳು. ಕನ್ನಡಕ ಬಿಡಿಸುವ ಐ ಡ್ರಾಪ್ಸ್ ಬಂದಿದೆಯಂತೆ, ಅದನ್ನು ಕೊಡಿ ಎಂದು. ಅವು ಪೈಲೊಕಾರ್ಪಿನ್ ಹನಿಗಳು. ಪಾಪೆಯನ್ನು ಕೆಲವು ಗಂಟೆ ಕಿರಿದು ಮಾಡುತ್ತವೆ, ಮಸೂರವನ್ನು ಮೆತ್ತಗೆ ಮಾಡುವುದಿಲ್ಲ. ಅಮೆರಿಕದಲ್ಲಿ 2021ರಲ್ಲಿ ಇಂಥ ಹನಿಗೆ ಒಪ್ಪಿಗೆ ಸಿಕ್ಕಿತು. ನಮ್ಮ ದೇಶದಲ್ಲಿ 2024ರ ಆಗಸ್ಟಿನಲ್ಲಿ ಒಂದು ಕಂಪನಿಗೆ ಒಪ್ಪಿಗೆ ಕೊಟ್ಟು, ಪ್ರಚಾರ ಮಿತಿಮೀರಿತೆಂದು ಸೆಪ್ಟೆಂಬರಿನಲ್ಲೇ ತಡೆಹಿಡಿದರು. ಮಬ್ಬು ಬೆಳಕಿನಲ್ಲಿ ಕೆಲಸ ಮಾಡುವವರಿಗೆ ಪಾಪೆ ಕಿರಿದಾದರೆ ಇನ್ನೂ ಕತ್ತಲೆ. ಡಾಕ್ಟರು ಬೇಡ ಎಂದರು.

ಆರು ವಾರದ ಮೇಲೆ

ಅಕ್ಕ ನಗುತ್ತಲೇ ಒಳಗೆ ಬಂದರು. ‘ನಾನು ಹೇಳಿರ್ಲಿಲ್ವಾ ಮೇಡಂ? ನಿನ್ನೆ ಸೂಜಿಗೆ ನಾನೇ ದಾರ ಹಾಕ್ದೆ.’ ಕಾರ್ಡು ಕೊಟ್ಟೆ. 33 ಸೆಂಟಿಮೀಟರಿನಲ್ಲಿ ಎನ್-8 ಸಲೀಸಾಗಿ ಓದಿದರು. ಮಸುಕಾಗುವ ಜಾಗ 40ರಿಂದ 31ಕ್ಕೆ ಬಂದಿತ್ತು. ಕಣ್ಣಿನ ಉರಿಯೂ ಕಡಿಮೆ. ಮನೆಯವರೆಲ್ಲ ಸೊಪ್ಪಿಗೆ ಕೈಮುಗಿಯುತ್ತಿದ್ದರಂತೆ.

ಹತ್ತಿರದ್ದನ್ನು ಮಾತ್ರ ಅಳೆದು ಕಳಿಸಿದ್ದರೆ ಇಲ್ಲಿಗೆ ಕಥೆ ಮುಗಿಯುತ್ತಿತ್ತು. ಒಪ್ಪಂದದ ಪ್ರಕಾರ ದೂರದ ಬೋರ್ಡನ್ನೂ ಓದಿಸಿದೆ. 6/12ಕ್ಕೆ ನಿಂತಿತು, ಎರಡೂ ಕಣ್ಣು. ಕೇಳಿದರೆ, ‘ಹೌದು, ಎರಡು ವಾರದಿಂದ ಬಸ್ಸಿನ ಬೋರ್ಡು ಹತ್ತಿರ ಬರೋವರೆಗೂ ಗೊತ್ತಾಗ್ತಿಲ್ಲ’ ಎಂದರು. ಅದನ್ನು ಅವರು ಲೆಕ್ಕಕ್ಕೇ ಇಟ್ಟಿರಲಿಲ್ಲ. ಮೈನಸ್ 0.75 ಪವರಿನ ಕನ್ನಡಕದ ಮಸೂರ ಹಾಕಿದಾಗ ದೂರ ಮತ್ತೆ 6/6 ಆಯಿತು. ಅದೇ ಮಸೂರ ಹಾಕಿದ ಹಾಗೆಯೇ ಓದುವ ಕಾರ್ಡು ಕೈಗೆ ಕೊಟ್ಟೆ. ಎನ್-12. ಮಸುಕಾಗುವ ಜಾಗ 40. ಆರು ವಾರದ ಲಾಭ ಪೂರಾ ಮಾಯ.

ಕಣ್ಣೊಳಗಿನ ಮಸೂರ ಉಬ್ಬುವ ಶಕ್ತಿ ಒಂದಿಷ್ಟೂ ಹೆಚ್ಚಿರಲಿಲ್ಲ. ಇಡೀ ಕಣ್ಣೇ ಸಮೀಪದೃಷ್ಟಿಯ ಕಡೆ, ಅಂದರೆ ಹತ್ತಿರದ್ದು ಕಂಡು ದೂರದ್ದು ಮಸುಕಾಗುವ ಕಡೆ, ಜಾರಿತ್ತು. ದೂರದ್ದನ್ನು ಕಳೆದುಕೊಂಡು ಅಷ್ಟೇ ಪ್ರಮಾಣದಲ್ಲಿ ಹತ್ತಿರದ್ದನ್ನು ಗಳಿಸಿದ್ದರು. 47ರಲ್ಲಿ, ಹಿಂದೆಂದೂ ಇಲ್ಲದ ಸಮೀಪದೃಷ್ಟಿ ಎರಡೂ ಕಣ್ಣಿಗೆ ಒಟ್ಟಿಗೆ ಬಂದರೆ ಎರಡು ಅನುಮಾನ ಮೊದಲು ಬರುತ್ತವೆ. ಒಂದು ಮಸೂರದ ಪೊರೆ (ಕ್ಯಾಟರಾಕ್ಟ್), ಇನ್ನೊಂದು ಸಕ್ಕರೆ ಕಾಯಿಲೆ. ಮಸೂರ ತಿಳಿಯಾಗಿತ್ತು. ಹಾಗಾಗಿ ಅಲ್ಲೇ ಬೆರಳು ಚುಚ್ಚಿ ನೋಡಿದೆವು, ರಕ್ತದ ಸಕ್ಕರೆ 286, ತೀರಾ ಜಾಸ್ತಿ. ಮಾರನೇ ದಿನದ ರಕ್ತಪರೀಕ್ಷೆಯಲ್ಲಿ, ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ 9.4 ಬಂತು. 6.5 ಮುಟ್ಟಿದರೇ ಸಕ್ಕರೆ ಕಾಯಿಲೆ ಎನ್ನುತ್ತಾರೆ.

ರಕ್ತದಲ್ಲಿ ಸಕ್ಕರೆ ಏರಿದಾಗ ಕಣ್ಣಿನ ಮಸೂರದ ಒಳಗೂ ಅದರ ಪರಿಣಾಮವಾಗಿ, ಬೆಳಕು ಬಾಗುವ ರೀತಿ ಬದಲಾಗುತ್ತದೆ. ಬಹಳ ಜನರಿಗೆ ದೂರ ಮಸುಕಾಗುತ್ತದೆ. ಚಾಳೀಸಿನವರಿಗೆ ಅದು ಹತ್ತಿರದ ದೃಷ್ಟಿ ವಾಪಸ್ ಬಂದ ಹಾಗೆ ಅನಿಸುತ್ತದೆ. ಈ ಆರು ವಾರದಲ್ಲಿ ಅಕ್ಕ ಉತ್ಸಾಹದಲ್ಲಿ ಕ್ಯಾರೆಟ್ ಜ್ಯೂಸನ್ನು ಎರಡು ಹೊತ್ತು ಮಾಡಿದ್ದರು, ಸಕ್ಕರೆ ಸಮೇತ. ಕಾಯಿಲೆ ಅದರಿಂದ ಬಂತು ಎನ್ನಲಾಗದು, 9.4 ಎಂದರೆ ಮೊದಲಿಂದ ಇದ್ದದ್ದೇ. ಆದರೆ ಕಣ್ಣಿಗೆಂದು ಕುಡಿದ ಲೋಟ ಉರಿಯುವುದಕ್ಕೆ ತುಪ್ಪ ಸುರಿದದ್ದಂತೂ ನಿಜ. ಎ ಜೀವಸತ್ವದ ಕೊರತೆ ಇದ್ದವರಿಗೆ ಕ್ಯಾರೆಟ್ಟೂ ಸೊಪ್ಪೂ ಇರುಳುಗಣ್ಣು ತಡೆಯುತ್ತವೆ. ಬಿಗಿದ ಮಸೂರಕ್ಕೆ ಅವು ಏನೂ ಮಾಡಲಾರವು.

ಮಾತ್ರೆ ಶುರುವಾದ ಮೇಲೆ

ಡಾಕ್ಟರು ಅವರನ್ನು ಸಕ್ಕರೆ ಕಾಯಿಲೆ ನೋಡುವವರ ಹತ್ತಿರ ಕಳಿಸಿದರು. ಹೋಗುವ ಮೊದಲು ಮಗಳನ್ನು ಕೂರಿಸಿಕೊಂಡು ಒಂದು ಮಾತನ್ನು ಕಾಗದದ ಮೇಲೆ ಬರೆಸಿದೆವು. ಸಕ್ಕರೆ ಇಳಿಯಲು ಶುರುವಾದಾಗ ಕೆಲವು ವಾರ ಹತ್ತಿರದ ದೃಷ್ಟಿ ಈಗಿನದಕ್ಕಿಂತ ಕೆಡುತ್ತದೆ. ಮಾತ್ರೆ ನಿಲ್ಲಿಸಬೇಡಿ, ನಮಗೆ ಫೋನ್ ಮಾಡಿ. ಈ ಪ್ರಕರಣದಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಆ ಕಾಗದ ಎಂದೇ ನನ್ನ ಅನಿಸಿಕೆ.

ಮೂರನೇ ವಾರ ಫೋನ್ ಬಂತು. ಅಕ್ಕನಿಗೆ ತಟ್ಟೆಯಲ್ಲಿನ ಬೀಜ ಕಲಸಿದ ಹಾಗೆ ಕಾಣುತ್ತಿತ್ತು. ಇಂಗ್ಲಿಷ್ ಮಾತ್ರೆಯಿಂದ ಕಣ್ಣು ಹೋಗ್ತಿದೆ, ಬಿಟ್ಟುಬಿಡು ಎಂದು ಪಕ್ಕದ ಮನೆಯವರು ಹೇಳಿದ್ದರು. ಅಕ್ಕ ಒಪ್ಪಿಯೂ ಆಗಿತ್ತು. ಕಾಗದ ತೋರಿಸಿ ತಡೆದದ್ದು ಮಗಳು. ಪರೀಕ್ಷೆ ಮಾಡಿದಾಗ ಮಸುಕಾಗುವ ಜಾಗ 57 ಸೆಂಟಿಮೀಟರಿಗೆ ಹೋಗಿತ್ತು. ಏರಿದ ಸಕ್ಕರೆ ಇಳಿಯುವಾಗ ಕಣ್ಣು ಸಮೀಪದೃಷ್ಟಿಗೆ ಉಲ್ಟಾ ಆದ ದೂರದೃಷ್ಟಿಯ ಕಡೆ ವಾಲುತ್ತದೆ, ಹತ್ತಿರದ್ದು ಇನ್ನಷ್ಟು ಮಸುಕಾಗುತ್ತದೆ. ಆಮೇಲೆ ತಾನಾಗಿ ನಿಲ್ಲುತ್ತದೆ.

ಈ ಹಂತದಲ್ಲಿ ಕನ್ನಡಕ ಬರೆದುಕೊಟ್ಟರೆ ಎರಡು ತಿಂಗಳಲ್ಲಿ ಅದು ದಂಡ. ಬರೆಯದಿದ್ದರೆ ಕೆಲಸ ಹೋಗುತ್ತದೆ. ಕ್ಲಿನಿಕ್‌ನಲ್ಲಿದ್ದ ರೆಡಿ ಕನ್ನಡಕ ಒಂದನ್ನು, ಪ್ಲಸ್ 2.00, ಎರವಲು ಕೊಟ್ಟೆವು. ಕನ್ನಡಕ ಎಂದರೆ ಎದ್ದು ಹೋಗುತ್ತಿದ್ದ ಅಕ್ಕ ಇದನ್ನು ಮರುಮಾತಿಲ್ಲದೆ ತಗೊಂಡರು. ವಾಪಸ್ ಕೊಡುವ ಕನ್ನಡಕ ಅಲ್ವಾ, ಅದಕ್ಕೆ ಕಣ್ಣು ಅಭ್ಯಾಸ ಆಗಿಬಿಡುತ್ತೆ ಎನ್ನುವ ಭಯ ಇರಲಿಲ್ಲ.

ಕೊನೆಗೆ ಕನ್ನಡಕ

ಸಕ್ಕರೆ ಹತೋಟಿಗೆ ಬಂದು, ಎರಡು ಸಲ ಬಿಟ್ಟು ಬಿಟ್ಟು ಅಳೆದಾಗಲೂ ಒಂದೇ ಲೆಕ್ಕ ಬಂದ ಮೇಲೆ ಕನ್ನಡಕ ನೋಡಿದೆವು. ದೂರ 6/6, ಏನೂ ಬೇಕಿಲ್ಲ. ಮಸುಕಾಗುವ ಜಾಗ 40. ಮೊದಲ ದಿನ ಎಲ್ಲಿತ್ತೋ ಅಲ್ಲೇ. ಅಷ್ಟು ತಿಂಗಳ ವ್ಯಾಯಾಮ, ಸೊಪ್ಪು ಯಾವುದೂ ಅದನ್ನು ಆಚೀಚೆ ಮಾಡಿರಲಿಲ್ಲ.

ಟ್ರಂಕಿನಲ್ಲಿದ್ದ ಜಾತ್ರೆಯ ಕನ್ನಡಕ ತರಿಸಿ ಅಳೆದೆವು. ಪ್ಲಸ್ 2.50. ಅದು ಅರವತ್ತು ದಾಟಿದವರ ಪವರ್. ಅದನ್ನು ಹಾಕಿದರೆ 40 ಸೆಂಟಿಮೀಟರಿನಿಂದ ಆಚೆ ಇರುವುದೆಲ್ಲ ಮಸುಕು. ಅಕ್ಕನ ತಟ್ಟೆ ಇರುವುದು 50 ಸೆಂಟಿಮೀಟರಿನಲ್ಲಿ. ಹಾಗಾಗಿ ಅವರು ಬಗ್ಗಿ ಬಗ್ಗಿ ನೋಡಿ ಕುತ್ತಿಗೆ ನೋವು ಮಾಡಿಕೊಂಡಿದ್ದರು. ಕನ್ನಡಕದ ಬಗ್ಗೆ ಅವರಿಗಿದ್ದ ದೂರು ಸುಳ್ಳಾಗಿರಲಿಲ್ಲ. ತಳ್ಳುಗಾಡಿಯವನು ಅಕ್ಷರ ದಪ್ಪ ಕಾಣುತ್ತಾ ಎಂದು ಕೇಳಿದ, ಎಷ್ಟು ದೂರದಲ್ಲಿ ಕೆಲಸ ಮಾಡ್ತೀರಿ ಎಂದು ಕೇಳಲಿಲ್ಲ.

ಅಕ್ಷರದ ಕಾರ್ಡು ಪಕ್ಕಕ್ಕಿಟ್ಟು, ಮಗಳಿಗೆ ಹೇಳಿ ಒಂದು ಪೊಟ್ಟಣ ಕಾಫಿ ಬೀಜ ತರಿಸಿದೆವು. ತಟ್ಟೆಯಲ್ಲಿ ಸುರಿದು, ಅವರು ಕೂರುವ ಎತ್ತರದಲ್ಲೇ ಕೂರಿಸಿ, ಒಂದೊಂದೇ ಮಸೂರ ಹಾಕಿ ಆರಿಸಲು ಹೇಳಿದೆ. ಪ್ಲಸ್ 1.25 ಹಾಕಿದಾಗ ಕೈ ಓಡಿತು. ಅದೇ ಪವರ್‌ನಲ್ಲಿ ಹುಕ್ಕು ಹಾಕುವ 35 ಸೆಂಟಿಮೀಟರೂ ಕಾಣುತ್ತದೆ. 80ರಿಂದ ಆಚೆ ಮಸುಕು, ಅದಕ್ಕೇ ನಡೆದಾಡುವಾಗ ತೆಗೆಯಬೇಕು. ಕುತ್ತಿಗೆಗೆ ನೇತುಹಾಕಿಕೊಳ್ಳಲು ದಾರ ಕೊಟ್ಟೆವು.

ಮೇಸ್ತ್ರಿಗೆ ಮಾತ್ರ ಕನ್ನಡಕ ಹಾಕಿದ ಕೆಲಸಗಾರ್ತಿ ಎಂದರೆ ಅನುಮಾನ ಉಳಿದಿತ್ತು. ಅವರಿಗೆ ಡಾಕ್ಟರು ಅಸ್ಸಾಮಿನ ಅಧ್ಯಯನದ ಮಾತು ಹೇಳಿದರು. 2018ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆಯಲ್ಲಿ ಬಂದದ್ದು. ನಲವತ್ತು ದಾಟಿದ 751 ಟೀ ಎಲೆ ಕೀಳುವವರಲ್ಲಿ ಅರ್ಧ ಜನರಿಗೆ ಮೊದಲೇ ಚಾಳೀಸು ಕನ್ನಡಕ ಕೊಟ್ಟು, ಉಳಿದವರಿಗೆ ಅಧ್ಯಯನ ಮುಗಿದ ಮೇಲೆ ಕೊಟ್ಟಿದ್ದರು. ಮೊದಲೇ ಕನ್ನಡಕ ಸಿಕ್ಕವರು ಎಲೆ ಕೀಳುವ ಪ್ರಮಾಣ ಉಳಿದವರದ್ದಕ್ಕಿಂತ ಸುಮಾರು ಶೇಕಡ 22ರಷ್ಟು ಜಾಸ್ತಿ ಏರಿತು. ಕೇಳಿದ ಮೇಸ್ತ್ರಿ ತಮ್ಮ ಕಣ್ಣನ್ನೂ ತೋರಿಸಿಕೊಂಡು ಹೋದರು.

ಈಗ

ಅಕ್ಕನ ದಿನಚರಿಯಲ್ಲಿ ಉಳಿದದ್ದು, ಬಿಟ್ಟದ್ದು ಎರಡೂ ಇವೆ. ಹೊನಗೊನ್ನೆ ಸೊಪ್ಪು ಉಳಿದಿದೆ, ಸಕ್ಕರೆ ಇರುವವರ ಊಟಕ್ಕೆ ಸೊಪ್ಪು ಒಳ್ಳೆಯದೇ. ಜ್ಯೂಸ್ ಬಿಟ್ಟು ಕ್ಯಾರೆಟ್ಟನ್ನು ಕೋಸಂಬರಿ ಮಾಡಿಕೊಳ್ಳುತ್ತಾರೆ. ಅಂಗೈ ಇಟ್ಟುಕೊಂಡು ಕಣ್ಣು ಮುಚ್ಚಿ ಕೂರುವುದನ್ನು ಕೆಲಸದ ನಡುವೆ ಮಾಡುತ್ತಾರೆ. ಅದರಿಂದ ಹಾಯೆನಿಸುವುದು ನಿಜ, ರೆಪ್ಪೆ ಮುಚ್ಚಿದಷ್ಟು ಹೊತ್ತು ಕಣ್ಣು ಒಣಗುವುದಿಲ್ಲ. ತ್ರಾಟಕ ನಿಂತಿದೆ. ಕಿಟಕಿ ಪಕ್ಕದ ಜಾಗಕ್ಕೆ ಈಗ ಪೈಪೋಟಿ. ಕನ್ನಡಕದ ಪವರ್ ಮುಂದಿನ ಕೆಲವು ವರ್ಷದಲ್ಲಿ 1.75, 2.00 ಎಂದು ಏರುತ್ತದೆ, ಅದು ಕನ್ನಡಕ ಮಾಡಿದ್ದಲ್ಲ ಎಂದು ಮೊದಲೇ ಹೇಳಿಟ್ಟಿದ್ದೇವೆ.

ಮಾವನನ್ನೂ ಕರೆತಂದರು. ಊಹಿಸಿದ ಹಾಗೇ ಇತ್ತು. ಎರಡೂ ಕಣ್ಣಿನ ಮಸೂರದ ನಡುವೆ ಕಂದು ಬಣ್ಣದ ಪೊರೆ, ದೂರದ ದೃಷ್ಟಿ 6/24. ಇಂಥ ಪೊರೆ ಬೆಳೆಯುವಾಗ ಕಣ್ಣು ಸಮೀಪದೃಷ್ಟಿಗೆ ಜಾರುತ್ತದೆ, ಕೆಲವು ಕಾಲ ಚಾಳೀಸು ಕನ್ನಡಕ ಬೇಡವಾಗುತ್ತದೆ. ಆಮೇಲೆ ಪೊರೆ ಬಲಿತು ಹತ್ತಿರದ್ದೂ ಹೋಗುತ್ತದೆ. ಅಜ್ಜನಿಗೆ ಆಪರೇಷನ್ ಆಗಿ ದೂರಕ್ಕೆ ಹೊಂದುವ ಮಸೂರ ಕೂರಿಸಿದ್ದಾರೆ. ಎದುರು ಮನೆಯವರ ಮುಖ ಈಗ ಗುರುತಾಗುತ್ತದೆ, ಪೇಪರ್ ಓದಲು ಮತ್ತೆ ಕನ್ನಡಕ ಬಂದಿದೆ. ಆ ವಿಚಾರಕ್ಕೆ ನಮ್ಮ ಮೇಲೆ ಇನ್ನೂ ಸ್ವಲ್ಪ ಸಿಟ್ಟಿದೆ.

ಆಗಿನಿಂದ ನಮ್ಮ ಕ್ಲಿನಿಕ್‌ನಲ್ಲಿ ಯಾರೇ ಬಂದು ಚಾಳೀಸು ಕಡಿಮೆಯಾಗಿದೆ ಎಂದರೂ ಮೊದಲು ದೂರದ ಬೋರ್ಡು ಓದಿಸುತ್ತೇವೆ, ಆಮೇಲೆ ಬೆರಳು ಚುಚ್ಚುತ್ತೇವೆ. ಅಕ್ಕನ ಎಚ್‌ಬಿಎ1ಸಿ ಕೊನೆಯ ಸಲ 6.9 ಇತ್ತು. ರೆಟಿನಾ ಪರೀಕ್ಷೆಗೆ ವರ್ಷಕ್ಕೊಮ್ಮೆ ಬರಬೇಕು, ಮುಂದಿನದು ಆರಿಸುವ ಸೀಸನ್ ಮುಗಿದ ಮೇಲೆ.